ಕ್ರಿಸ್ಮಸ್ ರಜೆಗೆ ಮರಳುಗಾಡು

ಮದೀನತ್ ಖಲೀಫಾ, ದೋಹಾ
21 ನವೆಂಬರ್ 1996

ನನ್ನ ಮುದ್ದು ಲೀನಾ,

ಮೊದಲು ಸಿಟ್ಟು ಬಿಡು, ಆಮೇಲೆ ಓದು. ನೀನು ಕ್ರಿಸ್ಮಸ್ಸಿಗೆ ಇಲ್ಲಿಗೆ ಬರಬೇಕು. ಬಂದೇ ಬರಬೇಕು.

"ನಾನು ಬರುವುದು ನಿಮಗೆ ಬೇಡವಾದರೆ ಹಾಗೆಂದೇ ಬರೆಯಿರಿ" ಎಂದು ಹಾಸ್ಟೆಲಿನಿಂದ ನೀನು ಬರೆದದ್ದನ್ನು ಓದಿ ನಾನು ಒಲೆಯ ಮುಂದೆ ನಿಂತು ಅತ್ತೆ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಈ ವರ್ಷ ಬೇಡ ಎಂದದ್ದು ಸುಳ್ಳೆಂದು ನಿನಗೆ ಗೊತ್ತಾಗಿಯೇ ಇರುತ್ತದೆ. ನಿಜ ಬರೆಯುವ ಹಾಗಿರಲಿಲ್ಲ. ಈಗ ಬರೆಯಬಹುದು.

ಹಬ್ಬ ಕಳೆದ ಮೇಲಿನ ಶುಕ್ರವಾರ ನಾವು ಮೂವರೂ ಮರಳುಗಾಡಿಗೆ ಹೋಗುವುದು. ಅಲ್ ವಕ್ರಾ ದಾಟಿ, ಉಮ್ ಸಯೀದ್ ಕಳೆದರೆ ಟಾರು ರಸ್ತೆ ಮುಗಿಯುತ್ತದೆ. ಆಚೆಗೆ ಬರೇ ಮರಳಿನ ಗುಡ್ಡಗಳು. ದೊಡ್ಡ ಜೀಪುಗಳಲ್ಲಿ ಪ್ರವಾಸಿಗಳನ್ನು ಆ ಗುಡ್ಡ ಹತ್ತಿಸಿ ಇಳಿಸುವ ಹೊಸ ಕಂಪೆನಿಯೊಂದು ಶುರುವಾಗಿದೆ. ನೆತ್ತಿಯಿಂದ ಹಲಗೆಯ ಮೇಲೆ ಕೂತು ಜಾರಬಹುದಂತೆ, ಒಂಟೆಯೂ ಉಂಟಂತೆ. ತೀರಾ ಕೊನೆಯಲ್ಲಿ, ಗುಡ್ಡಗಳ ನಡುವೆಯೇ ಸಮುದ್ರ ಒಳಗೆ ಬಂದು ಕೆರೆಯ ಹಾಗೆ ನಿಂತಿದೆ. ನೀರಿಗಿಳಿಯಲು ಒಂದು ಜೊತೆ ಹಳೆಯ ಬಟ್ಟೆ ತಾ. ನಾನು ಸನ್ನಣ, ಕೋಳಿ ಸುಕ್ಕ ಕಟ್ಟಿಕೊಳ್ಳುತ್ತೇನೆ.

ಮಮ್ಮಿಗೆ ಇದೆಂತ ಹುಚ್ಚು ಎಂದು ನಗಬೇಡ. ಅಲ್ ರಯ್ಯಾನಿನಲ್ಲಿ ಗ್ಯಾರೇಜ್ ಇಟ್ಟಿರುವ ಉಳ್ಳಾಲದ ತಾಹಿರ್ ಜೊತೆ ನಿನ್ನ ಪಪ್ಪ ಶುಕ್ರವಾರ ಮರಳಿನಲ್ಲಿ ಜೀಪು ಓಡಿಸಿ ಬಂದರೆ, ಬಾಗಿಲಲ್ಲೇ ನಿಲ್ಲಿಸಿ ಪ್ಯಾಂಟು ಕೊಡವಿಸುತ್ತಿದ್ದವಳು ನಾನು. ಈಗ ಆ ಮರಳೇ ನಮ್ಮನ್ನು ಉಳಿಸಿದೆ.

ಪಪ್ಪ ಅಕೌಂಟೆಂಟ್ ಆಗಿದ್ದ ಆ ಟ್ರೇಡಿಂಗ್ ಕಂಪೆನಿ ಮಳೆಗಾಲದ ಹೊತ್ತಿಗೇ, ಅಂದರೆ ನಿನ್ನ ಕಾಲೇಜು ಶುರುವಾದಾಗಲೇ, ಮುಚ್ಚಿತು. "ಅವಳ ಓದು ಹಾಳಾಗುದು ಬೇಡ ಪರ್ಪೆಚುವಾ, ಕೆಲಸ ಸಿಕ್ಕಿದ ಮೇಲೆ ಹೇಳುವಾ" ಎಂದು ಪಪ್ಪ ನನ್ನನ್ನು ತಡೆದರು. ಆದರೆ ಕೆಲಸ ಎಲ್ಲಿ? ಈ ಪ್ರಾಯದ ಅಕೌಂಟೆಂಟ್ ಯಾರಿಗೂ ಬೇಡ. ದಿನಾ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಫೋನಿನ ಪಕ್ಕ ಕೂರುತ್ತಿದ್ದರು. ಮಧ್ಯಾಹ್ನದ ಮೇಲೆ ಆ ಅಂಗಿಯನ್ನು ಕಳಚಿ ಮಡಚಿಡುತ್ತಿದ್ದರು. ನೋಡಲಾಗುತ್ತಿರಲಿಲ್ಲ ಮಗಳೇ. ಊರಿಗೆ ಹಿಂದಿರುಗುವುದೇ ಎಂದು ನಾನು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಲೂ ತೊಡಗಿದ್ದೆ.

ಒಂದು ದಿನ ತಾಹಿರ್ ಅವಸರದಲ್ಲಿ ಬಂದರು. ಪ್ರವಾಸಿಗಳಿದ್ದ ಜೀಪೊಂದು ಗುಡ್ಡಗಳ ನಡುವೆ ಹೂತುಹೋಗಿತ್ತು, ಒಳಗೆ ಮಕ್ಕಳೂ ಇದ್ದರು. "ಸಾರ್, ಇಲ್ಲಿ ಕೂತು ಎಂತ ಮಾಡುದು? ಯಲ್ಲಾ, ಏಳಿ!" ಎಂದು ಪಪ್ಪನನ್ನು ಎಬ್ಬಿಸಿಕೊಂಡು ಹೋದರು. ಅಲ್ಲಿ ನಡೆದದ್ದನ್ನು ತಾಹಿರೇ ಆಮೇಲೆ ನನಗೆ ಹೇಳಿದ್ದು. ಹುಡುಗು ಪ್ರಾಯದ ಡ್ರೈವರ್ ಗಾಬರಿಯಲ್ಲಿ ಮತ್ತೆ ಮತ್ತೆ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಇನ್ನಷ್ಟು ಹೂಳಿಸಿದ್ದನಂತೆ. ಪಪ್ಪ ಮೊದಲು ಮಕ್ಕಳನ್ನು ಇಳಿಸಿ ನೀರು ಕುಡಿಸಿದರಂತೆ. ಚಕ್ರಗಳ ಗಾಳಿ ಇಳಿಸಿ, ಮರಳು ತೋಡಿ, ಬಂದ ದಾರಿಯಲ್ಲೇ ಮೆಲ್ಲ ಹಿಂದಕ್ಕೆ ತೆಗೆದರಂತೆ. ಅಷ್ಟರಲ್ಲಿ ಬಂದು ತಲುಪಿದ್ದ ಕಂಪೆನಿಯ ಮಾಲೀಕರು ಎಲ್ಲವನ್ನೂ ನೋಡುತ್ತಾ ನಿಂತಿದ್ದರಂತೆ. ನನ್ನಲ್ಲಿ ಡ್ರೈವರ್ ಕೆಲಸಕ್ಕೆ ಬರುತ್ತೀಯಾ ಎಂದು ಅಲ್ಲಿಯೇ ಕೇಳಿದರು. ನಾನು ಅಕೌಂಟೆಂಟ್ ಎಂದರು ನಿನ್ನ ಪಪ್ಪ. ಲೆಕ್ಕ ಬರೆಯುವವರು ಬೇಕಾದಷ್ಟಿದ್ದಾರೆ, ಮಕ್ಕಳನ್ನು ಮೊದಲು ಇಳಿಸುವವನು ನನಗೆ ಬೇಕು ಎಂದು ಅವರು ನಕ್ಕರಂತೆ.

ನಾನಾಗಿದ್ದರೆ ಅಲ್ಲೇ ಹೂಂ ಎನ್ನುತ್ತಿದ್ದೆ. ನಿನ್ನ ಪಪ್ಪ ಹೂಂ ಎನ್ನದೆ ಮನೆಗೆ ಬಂದರು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತವನು ಡ್ರೈವರ್ ಆದ ಎಂದು ನಮ್ಮವರು ನಗುತ್ತಾರೆ ಎಂದರು. ನಗಲಿ, ಅವರ ಹಲ್ಲು ಅವರದ್ದು ಎಂದೆ. ಆಗ ನನ್ನ ಮುಖ ನೋಡದೆ, "ಹಾಸ್ಟೆಲಿನಲ್ಲಿ ಲೀನಾ ಪಪ್ಪನ ಕೆಲಸ ಏನೂಂತ ಹೇಳ್ಬೇಕು?" ಎಂದರು. ಅವರ ಎದೆಯಲ್ಲಿದ್ದ ಮುಳ್ಳು ಅದೊಂದೇ.

ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿಯ ಬದಲು ಅವರ ಹಳೆಯ ಖಾಕಿ ಪ್ಯಾಂಟನ್ನು ಕೊಡವಿ ಮಂಚದ ಮೇಲಿಟ್ಟೆ. ಹಾಕಿಕೊಂಡು ಆ ಮಾಲೀಕರಿಗೆ ಒಪ್ಪಿಗೆ ಹೇಳಲು ಹೊರಟರು.

ಆದರೂ ಭಯ ಮುಗಿದಿರಲಿಲ್ಲ. ಮುಚ್ಚಿದ ಹಳೆಯ ಕಂಪೆನಿಯ ಮಾಲೀಕರು ರಿಲೀಸ್, ಅಂದರೆ ಬಿಡುಗಡೆ ಪತ್ರ, ಕೊಡದಿದ್ದರೆ ಹೊಸ ಕಡೆ ಸೇರುವಂತಿಲ್ಲ, ದೇಶ ಬಿಡಬೇಕು. ಇವತ್ತು ನಾಳೆ ಎಂದು ಅಲೆಸಿದರು. ನಿನ್ನೆ ಅದೂ ಸಿಕ್ಕಿತು. "ಖಲಾಸ್, ಎಲ್ಲ ಆಯಿತು" ಎನ್ನುತ್ತಾ ಪಪ್ಪ ಬಾಗಿಲಲ್ಲಿ ನಿಂತಾಗ ನಾನು ಪೆಟ್ಟಿಗೆಯಿಂದ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟೆ. ರಾತ್ರಿ ಇಬ್ಬರೂ ಎರಡೆರಡು ಸಲ ಗಂಜಿ ಬಡಿಸಿಕೊಂಡು ಉಂಡೆವು. ನಿನ್ನ ವಿಸಾವನ್ನೂ ಹೊಸ ಆಫೀಸಿನವರೇ ಮಾಡಿಸಿಕೊಡುತ್ತಾರಂತೆ.

ಹೋಗುವ ದಿನ ನೀನು ಮುಂದಿನ ಸೀಟಿನಲ್ಲಿ ಕೂರು. ನಾನು ಹಿಂದೆ ಕಣ್ಣು ಮುಚ್ಚಿ ಜಪಸರ ಹಿಡಿದುಕೊಳ್ಳುತ್ತೇನೆ. ಬರುವಾಗ ಒಳ್ಳೆಯ ಕುಚ್ಚಲಕ್ಕಿ, ಸ್ವಲ್ಪ ಒಣಸಿಗಡಿ ತಾ.

ನಿನ್ನನ್ನು ನೋಡದೆ ಸೊರಗಿರುವ,
ಮಮ್ಮಿ

ತಾ.ಕ.: ಈ ಕಾಗದ ಬರೆದದ್ದು ಪಪ್ಪನಿಗೆ ಗೊತ್ತಿಲ್ಲ. ರಜೆಗೆ ಊರಿಗೆ ಹೊರಟಿರುವ ಯೂಜಿನ್ ಕೈಯಲ್ಲಿ ಗುಟ್ಟಾಗಿ ಕೊಡುತ್ತಿದ್ದೇನೆ. ಏರ್ಪೋರ್ಟಿನಲ್ಲಿ ತಾವೇ ನಿನಗೆ ಹೇಳಬೇಕೆಂದು ಪಪ್ಪ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾರೆ. "ಡ್ರೈವರ್" ಎಂಬಲ್ಲಿಗೆ ಬಂದಾಗ ಪ್ರತಿ ಸಲ ಸ್ವರ ನಿಲ್ಲುತ್ತದೆ. ಅಲ್ಲಿಯವರೆಗೆ ನೀನು ಏನೂ ಗೊತ್ತಿಲ್ಲದವಳಂತೆ ಕೇಳು. ಅಲ್ಲಿ ಅವರು ನಿಂತರೆ ಮಾತ್ರ ಕಾಯಬೇಡ. ಬ್ಯಾಗನ್ನು ಅವರ ಕೈಗೆ ಕೊಟ್ಟು, ನನಗೆ ಯಾವಾಗ ಮರಳಿನಲ್ಲಿ ಗಾಡಿ ಓಡಿಸಲು ಕಲಿಸುತ್ತೀರಿ ಎಂದು ಕೇಳಿಬಿಡು.