ಚಂಚಿಯೊಳಗಿನ ಬಿಲ್ಲೆ

ಹುಬ್ಬಳ್ಳಿ, ದವಾಖಾನೆಯಿಂದ
೧೨ ಆಗಸ್ಟ್ ೨೦೦೩

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ಅಮ್ಮಿನಬಾವಿಯಲ್ಲಿ ಅಣ್ಣ, ವೈನಿ, ಅಂಬೆಗಾಲಿಡುವ ದುರ್ಗೇಶ ಎಲ್ಲ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಫೋನಿನಲ್ಲಿ ನಿನಗೆ ಕೇಳಿಸದು, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನಮ್ಮ ಕೂಸು ಮಯೂರಿಯ ಬಲಗಿವಿ ಸುಟ್ಟಿದೆ. ಈಗ ಮಲಗಿದ್ದಾಳೆ; ನನಗಂತೂ ಕಣ್ಣು ಹತ್ತುತ್ತಿಲ್ಲ.

ನೀನು ನಮ್ಮ ಮನೆಯಿಂದ ಊರಿಗೆ ಹೋದ ದಿನವೇ ಕಿವಿ ಹಿಡಿದುಕೊಂಡು ಅಳತೊಡಗಿದಳು. ಬಾಜೂ ಮನೆಯ ಉಡಚವ್ವ ಬಂದು, "ಗಾಳಿ ಹೊಕ್ಕೇತವಾ, ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಬಿಡು. ನಮ್ಮ ಪರಮ್ಯಾನ್ನ ಎಣ್ಣಿ ಬಿಟ್ಟ ಬಿಟ್ಟ ದೊಡ್ಡಾಂವನ್ನ ಮಾಡೇನಿ" ಎಂದಳು. ನೀನೂ ನಮಗೆ ಹಾಗೇ ಮಾಡಿದವಳಲ್ಲವೇ, ಬಿಟ್ಟೆ. ಕೂಸು ಕಿಟಾರನೆ ಚೀರಿತು. ಮತ್ತೆರಡು ಹನಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಕಿವಿಯಿಂದ ಕರಿ ನೀರು. ಇವರು ಎತ್ತಿಕೊಂಡು ಸೀದಾ ಇಲ್ಲಿಗೆ ಓಡಿಬಂದರು.

ಡಾಕ್ಟರು ಮಂಪರಿನ ಮದ್ದು ಕೊಟ್ಟು ತೆಗೆದದ್ದು ಏನು ಗೊತ್ತೇ ಅವ್ವಾ? ನಿನ್ನ ಕಿವಿ ಮಷಿನ್ನಿನ ಹಳೆಯ ಸೆಲ್ಲು, ಆ ಗುಂಡು ಬಿಲ್ಲೆ. "ಮುಗದ ಸೆಲ್ ಅಂತೀರಿ, ಕಿವ್ಯಾಗಿನ ಪಸಿ ಸಾಕ್ರಿ ಅದು ಸುಡಾಕ. ಎಣ್ಣಿ ಬಿಡಬಾರದಿತ್ತು. ನುಂಗಿದ್ರಂತೂ ಜೀವಕ್ಕ ಘಾತ" ಎಂದರು. ಕಿವಿಯ ಪರದೆ ತೂತಾಗಿದೆ. ಎಷ್ಟು ಕೇಳಿಸುವುದೋ ಮಾಯ್ದ ಮೇಲೇ ತಿಳಿಯಬೇಕಂತೆ. ಎಚ್ಚರಿದ್ದಾಗ ಆ ಕಡೆ ಕೂತು ಮೆಲ್ಲಗೆ ಕರೆದೆ, ತಿರುಗಲಿಲ್ಲ. ಹತ್ತಿ ತುಂಬಿದ್ದಾರೆ, ಅದಕ್ಕೇ ಇರಬೇಕು.

ಎಚ್ಚರಾದಾಗ ಕೇಳಿದರೆ, "ನಾ ಆಯಿ ಆಗಿದ್ನಿ" ಎಂದಳು. ನಿನ್ನ ಹಾಗೆ ಮಷಿನ್ನೆಂದು ಅದನ್ನು ಕಿವಿಗೆ ಹಾಕಿಕೊಂಡಿದ್ದಳಂತೆ. ನಿನ್ನ ತೊಡೆಯೇರಿ ಎಲೆ-ಅಡಿಕೆ ಚಂಚಿಯೊಳಗೆ ಕಲ್ಲುಸಕ್ಕರೆ ಹುಡುಕುತ್ತಾಳಲ್ಲ. ಮುಗಿದ ಸೆಲ್ಲನ್ನೂ ನೀನು ಅಲ್ಲೇ ಇಡುತ್ತೀ, ಅಂಗಡಿಯವನಿಗೆ ತೋರಿಸಿ ಅಂಥದ್ದೇ ತರಲೆಂದು. ನಿನ್ನ ತಪ್ಪೆನ್ನುವುದಿಲ್ಲ ಅವ್ವಾ. ಎಣ್ಣೆ ಬಿಟ್ಟ ಕೈ ನನ್ನದು.

ಅಣ್ಣ, ವೈನಿಗೆ ನಮಸ್ಕಾರ. ದುರ್ಗೇಶನಿಗೆ ಮುದ್ದು.

ನಿನ್ನ
ಗೀತಾಂಜಲಿ

ತಾ.ಕ.: ಅವ್ವಾ, ಕಾಗದ ಮಡಚಿದ್ದೆ. ಇವರು ಮನಿ ಎಲ್ಲಾ ಹುಡುಕಿ ಬಂದು, "ಅತ್ತಿ ಇಲ್ಲಿದ್ದಾಗ ಎರಡು ಸಲ ಸೆಲ್ ಬದಲಿ ಮಾಡಿದ್ರಲ್ಲ, ಇನ್ನೊಂದು ಎಲ್ಲಿ?" ಅಂತ ಕೇಳಾಕತ್ತಾರ. ಅದು ನಿನ್ನ ಚಂಚ್ಯಾಗ ಇರಬೇಕು. ಅಲ್ಲಿ ದುರ್ಗೇಶ ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕ್ತಾನ. ನಿಮ್ಮ ಬಾಜೂಕಿನ ಗುರುಶಿದ್ದಪ್ಪ ಕಾಕಾನ ಮನಿಗೆ ಫೋನ್ ಹತ್ತವಲ್ತು. ನಿಮ್ಮೂರ ವೆಂಕಣ್ಣ ಈಗಿನ ಬಸ್ಸಿಗೇ ಹೊಂಟಾನ, ಇದನ್ನ ಅವನ ಕೈಯಾಗ ಕೊಟ್ಟೇನಿ. ಸೆಲ್ ಸಿಗದಿದ್ರ ಕೂಸಿಗೆ ಏನೂ ತಿನಸಬ್ಯಾಡ್ರಿ, ಎತ್ತಿಕೊಂಡು ಲಗೂನ ದವಾಖಾನಿಗೆ ಓಡ್ರಿ. ಉತ್ತರ ಆಮ್ಯಾಲೆ ಬರಿ. ಮೊದಲ ಚಂಚಿ ಕೊಡವು.