ಹಾಲೇಶನ ಹೆಸರಿನ ಕೆಳಗೆ

ಹೊಸಬೆಂಗ್ರೆ,
ಫೆಬ್ರವರಿ ೩೦, ೨೨೧೮

ಕಡೂರಿನ ಹಾಲೇಶರಿಗೆ ಹೊಸಬೆಂಗ್ರೆಯ ವಾರಿಜ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಾವು ಎಲ್ಲ ತಿಂಗಳುಗಳನ್ನೂ ಮೂವತ್ತಕ್ಕೆ ಸಮ ಮಾಡಿದ್ದೇವೆ. ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಫೆಬ್ರವರಿಯ ಬೆನ್ನಿಗೆ ಇಟ್ಟುಕೊಂಡಿದ್ದೇವೆ. ಅವುಗಳಲ್ಲಿ ಮೊದಲನೆಯದು ನಾಳೆ. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಪ್ಪು ತಿಂದ ನಾಲ್ಕು ಪುಸ್ತಕಗಳಿಂದ, ಮತ್ತೆ ಕಂಬಗಲ್ಲಿನ ಮೇಲೆ ನೀವೆಲ್ಲ ಕೆತ್ತಿಹೋದ ಹೆಸರುಗಳಿಂದ.

ಕಂಬಗಲ್ಲು ಎಂದರೆ ನಿಮಗೆ ಗೊತ್ತಿರುವ ಬಂಡೆಯೇ. ನೀವು ಮಲ್ಪೆಯಲ್ಲಿ ದೋಣಿ ಹತ್ತಿ ನೋಡಲು ಬಂದಿರಲ್ಲ, ಆರು ಮೂಲೆಯ ಕಪ್ಪು ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಇರುವುದು, ಅದೇ. ನಿಮ್ಮವರು ಅಲ್ಲಿ ಫೋಟೋ ತೆಗೆದು, ಚುರುಮುರಿ ತಿಂದು, ಸಂಜೆಯೊಳಗೆ ಮರಳುತ್ತಿದ್ದರಂತೆ. ಮಲ್ಪೆ ಈಗ ನೀರಿನ ಕೆಳಗಿದೆ. ಬಂಡೆಯ ಅರ್ಧ ಮಾತ್ರ ಮೇಲಿದೆ. ಅದು ಅಲೆಯನ್ನು ತಡೆಯುವುದರಿಂದ ಅದರ ಹಿಂದೆ ಒಂದಿಷ್ಟು ಸಮಾಧಾನದ ನೀರು ನಿಲ್ಲುತ್ತದೆ. ನಾವು ಅದನ್ನು ನೆರಳುನೀರು ಎನ್ನುತ್ತೇವೆ. ಆ ನೆರಳುನೀರಿನ ಅಂಚಿನ ಮರಳಪಟ್ಟಿಯೇ ನಮ್ಮ ಊರು. ಇಲ್ಲಿ ಪ್ರತಿ ಗೋಡೆಯ ಮೇಲೂ ಉಪ್ಪು ಹತ್ತಿದ ಬಿಳಿ ಗುರುತು ಇರುತ್ತದೆ. ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ಆ ಉಪ್ಪುಗೆರೆ ಎಷ್ಟು ಮೇಲೆ ಬಂದಿದೆ ಎಂದು ನೋಡುತ್ತಾರೆ. ಕುಡಿಯುವುದು ಮಳೆಗಾಲದಲ್ಲಿ ಹಿಡಿದಿಟ್ಟ ನೀರು, ತಿನ್ನುವುದು ಮರಳಲ್ಲಿ ಹೆಕ್ಕುವ ಮರುವಾಯಿ ಚಿಪ್ಪು ಮತ್ತು ಒಣಮೀನು. ಕುಚ್ಚಲಕ್ಕಿ ಗಂಜಿ ಹಬ್ಬಕ್ಕೆ ಮಾತ್ರ, ಅದೂ ಘಟ್ಟದವರು ಕೊಟ್ಟರೆ.

ನಾವು ಕಂಬಗಲ್ಲಿಗೆ ಹೋಗುವುದು ಬೈಯಲು. ಉಳಿಕೆ ದಿನಗಳ ಮೊದಲನೆಯದು ಬೈಗುಳದ ದಿನ. ಕಲ್ಲಿಗೆ ನಿನ್ನೆ ನಾಳೆಗಳ ಭೇದವಿಲ್ಲ, ಅಲ್ಲಿ ನಿಂತು ಆಡಿದ ಮಾತು ಹಿಂದಿನವರಿಗೂ ಕೇಳಿಸುತ್ತದೆ ಎಂಬುದು ನಮ್ಮ ನಂಬಿಕೆ. ಆದ್ದರಿಂದ ಕಡಲನ್ನು ಎಬ್ಬಿಸಿ ಹೋದವರನ್ನು ವರ್ಷಕ್ಕೊಮ್ಮೆ ಹೆಸರು ಹಿಡಿದು ಬೈಯುತ್ತೇವೆ. ನಮಗೆ ಗೊತ್ತಿರುವ ಹೆಸರುಗಳೆಂದರೆ ಬಂಡೆಯ ಮೇಲಿನವು ಮಾತ್ರ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಆಳವಾದದ್ದು ನಿಮ್ಮದು, 'ಹಾಲೇಶ ಕಡೂರು'. ಹೀಗಾಗಿ ತೊಂಬತ್ತು ವರ್ಷಗಳಿಂದ ಬೈಗುಳದ ಸಿಂಹಪಾಲು ನಿಮಗೇ ಬಂದಿದೆ. "ಅಲ್ಲ ಹಾಲೇಶಣ್ಣ, ನಿಮಗೆ ಮಂಡೆ ಸಮ ಇರ್ಲಿಲ್ವಾ? ಕಡಲನ್ನು ನಮ್ಮ ಮೇಲೆ ಬಿಟ್ಟು ಎಲ್ಲಿಗೆ ಹೋದ್ರಿ ಮಾರಾಯ್ರೆ?" ಎಂದು ಹಲ್ಲಿಲ್ಲದ ಮುದುಕಿಯರೂ ಕೂಗುತ್ತಾರೆ. ನಮ್ಮ ಮಕ್ಕಳು ಕೊಡ ಒಡೆದರೆ ಹಾಲೇಶನ ಕೆಲಸ ಮಾಡಿದ ಎನ್ನುತ್ತೇವೆ. ಪಾಪ, ನೀವು ಯಾರೋ ಏನೋ. ಒಂದು ಮೊಳೆ ಹಿಡಿದು ಹೆಸರು ಕೆತ್ತಿದ್ದಲ್ಲದೆ ಬೇರೇನು ಮಾಡಿದ್ದೀರಿ ಎಂದು ನನಗೆ ಗೊತ್ತಿಲ್ಲ.

ನಾನು ಯಾರೆಂದು ಹೇಳಲಿಲ್ಲ. ಮೂವತ್ತೊಂದು ವರ್ಷಗಳಿಂದ ಬೈಯಲು ಬರುವವರನ್ನು ಕಂಬಗಲ್ಲಿಗೆ ಕರೆದೊಯ್ಯುವ ದೋಣಿ ನನ್ನದು. ದೋಣಿ ಹಿಡಿದ ಮೊದಲ ವರ್ಷವೇ ಘಟ್ಟದ ಮೇಲಿನ ಒಬ್ಬ ಹೆಂಗಸು ತಾನು ಇಲ್ಲಿಗೆ ಬಂದು ಬೈದದ್ದಕ್ಕೆ ಊರಿನವರಿಗೆ ತೋರಿಸಲು ಏನಾದರೂ ಬೇಕು ಎಂದಳು. ನಾನು ಹಾರೆ ಹಾಕಿ ಒಂದು ಕಂಬದ ತುದಿಯನ್ನು ಎಬ್ಬಿಸಿ ಅವಳ ಕೈಗೆ ಕೊಟ್ಟೆ. ಅದಕ್ಕೆ ಸಾಕ್ಷಿಗಲ್ಲು ಎಂದು ಹೆಸರಿಟ್ಟವಳೂ ನಾನೇ. ಮರುವರ್ಷ ಎಲ್ಲರಿಗೂ ಬೇಕಾಯಿತು. ಹೊಸ್ತಿಲ ಪಕ್ಕದಲ್ಲಿ ಸಾಕ್ಷಿಗಲ್ಲು ಇಲ್ಲದ ಮನೆಯ ಬಗ್ಗೆ ಜನ ಆಡಿಕೊಳ್ಳುವಂತಾಯಿತು. ಆ ಕಂಬಗಳು ಹಲ್ಲಿನ ಹಾಗೆ. ಒಂದು ಕಿತ್ತರೆ ಪಕ್ಕದ್ದು ತಾನೇ ಅಲ್ಲಾಡುತ್ತದೆ. ಚಂದು ಮರಕಾಲರೆಂಬ ಹಳೆಯ ಬಲೆಗಾರರು ಒಬ್ಬರೇ ನನ್ನನ್ನು ತಡೆದವರು. "ವಾರಿಜಾ, ಕಡಲು ಈಗ ಈ ಕಲ್ಲಿಗೆ ಬಡಿಯುದು. ನಾಳೆ ನಮ್ಮ ಎದೆಗೇ ಬಡಿಯುದು. ಸಾಕು ಮಾಡು ಮಾರಾಯ್ತಿ" ಎಂದರು. ನನಗೆ ಆಗ ಊರಿಡೀ ಮರ್ಯಾದೆ, ಸೊಕ್ಕು ಬೇರೆ. "ನಿಮ್ಮ ಕಾಲ ಆಯ್ತು ಅಜ್ಜ, ಸುಮ್ಮನೆ ಕೂತ್ಕೊಳ್ಳಿ" ಎಂದು ಹೇಳಿ ಮತ್ತೆರಡು ಹಾರೆ ಮಾಡಿಸಿದೆ. ಅವರು ಆಮೇಲೆ ನನ್ನ ದೋಣಿ ಹತ್ತಲಿಲ್ಲ.

ನನ್ನ ತಂಗಿ ಗುಲಾಬಿಗೆ ಒಬ್ಬಳೇ ಮಗಳು, ಪ್ರೇಮಲತ. ಅವಳ ಮದುವೆಗೆ ನಾನು ಕೊಟ್ಟ ಉಡುಗೊರೆ ಕಂಬಗಲ್ಲಿನ ತೆಂಕು ಬದಿಯಿಂದ ಎಬ್ಬಿಸಿದ ಸೊಂಟದೆತ್ತರದ ಸಾಕ್ಷಿಗಲ್ಲು. ನಾಲ್ವರು ಹೊತ್ತು ತಂದು ಅವಳ ಬಾಗಿಲ ಒಳಬದಿಯಲ್ಲಿ ನಿಲ್ಲಿಸಿದರು. ಊರಿಗೇ ದೊಡ್ಡ ಕಲ್ಲು ಎಂದು ಗುಲಾಬಿ ವಾರಗಟ್ಟಲೆ ಹೇಳಿಕೊಂಡು ತಿರುಗಿದಳು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ, ಬೆಳಗಿನ ಊಟದ ಹೊತ್ತಿಗೆ, ಅಲೆ ನೇರ ಕಂಬಗಲ್ಲಿನ ತೆಂಕು ಬದಿಯ ಸಂದಿನಿಂದ ನುಗ್ಗಿ ಬಂತು. ಹಿಂದೆ ಅಲ್ಲಿ ಸಂದು ಇರಲಿಲ್ಲ. ನೆರಳುನೀರು ಕುದಿಯುವ ಹಂಡೆಯ ಹಾಗೆ ಉಕ್ಕಿ ಹನ್ನೊಂದು ಮನೆ ಹೋದವು. ಉಳಿದ ಮನೆಗಳ ಜನ ಬಾಗಿಲು ತೆರೆದು ಓಡಿದರು. ಮನೆಯಲ್ಲಿ ಒಬ್ಬಳೇ ಇದ್ದ ಪ್ರೇಮಲತಳ ಬಾಗಿಲು ಮಾತ್ರ ತೆರೆಯಲಿಲ್ಲ. ನೀರು ಇಳಿದ ಮೇಲೆ ಮೊದಲು ಅಲ್ಲಿಗೆ ಹೋದವಳು ನಾನು. ಕಿಟಕಿಯಿಂದ ಒಳಗೆ ಇಳಿದೆ. ಅಡಿಯ ಮರಳು ಕೊಚ್ಚಿಹೋಗಿ ಸಾಕ್ಷಿಗಲ್ಲು ಉರುಳಿ ಬಾಗಿಲಿಗೆ ಅಡ್ಡ ಬಿದ್ದಿತ್ತು. ಅವಳ ಎರಡೂ ಕೈ ಆ ಕಲ್ಲಿನ ಮೇಲೆ ಇದ್ದವು, ತಳ್ಳುತ್ತಿದ್ದ ಹಾಗೆಯೇ. ಅಯ್ಯೋ ಹಾಲೇಶರೇ, ನಾನು ಏನು ಮಾಡಿದೆ ಗೊತ್ತೇ? ಗುಲಾಬಿ ಬರುವ ಮೊದಲೇ ಅವಳ ಕೈಗಳನ್ನು ಬಿಡಿಸಿ, ಮೂಲೆಯಲ್ಲಿದ್ದ ಹಾರೆಯಿಂದ ಮೀಟಿ ಆ ಕಲ್ಲನ್ನು ಪಕ್ಕಕ್ಕೆ ಉರುಳಿಸಿದೆ. ಆಮೇಲೆ ಬಾಗಿಲು ತೆರೆದು ಎಲ್ಲರ ಜೊತೆ ನಿಂತು ಅತ್ತೆ. ಅಳು ಸುಳ್ಳಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಬುದ್ಧಿಯೂ ನೆಟ್ಟಗೆ ಬರಲಿಲ್ಲ. ಏಳು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಚಂದು ಅಜ್ಜ ತೀರಿಹೋಗಿ ಬಹಳ ಕಾಲವಾಯಿತು, ಅವರ ಮಾತನ್ನು ನೆನಪಿಸುವವರು ಯಾರೂ ಇಲ್ಲ. ನಾಳೆ ಬೈಗುಳದ ಮೊದಲ ಸರದಿ ಗುಲಾಬಿಯದು. ಆ ವರ್ಷ ಹೆಚ್ಚು ಕಳೆದುಕೊಂಡವರಿಗೆ ಅದನ್ನು ಕೊಡುವುದು ಪದ್ಧತಿ. ಅವಳು ತಿಂಗಳಿನಿಂದ ಅದನ್ನೇ ಅಭ್ಯಾಸ ಮಾಡುತ್ತಿದ್ದಾಳೆ. ನಿನ್ನೆ ನನ್ನ ಮನೆಗೆ ಬಂದು ಒಲೆಯ ಮುಂದೆ ಕೂತು, "ಅಕ್ಕ, ಈ ಸಲ ಹಾಲೇಶನನ್ನು ನಾನು ಬಿಡುದಿಲ್ಲ. ನಿನಗೆ ಮಾತು ಗೊತ್ತುಂಟಲ್ಲ, ಸ್ವಲ್ಪ ಗಟ್ಟಿ ಮಾಡಿ ಕೊಡು" ಎಂದಳು. ನಾನು ಮಾಡಿಕೊಟ್ಟೆ. ಮಗಳ ಬಾಗಿಲಿಗೆ ಅಡ್ಡ ನಿಂತವನೇ, ನಿನ್ನ ಬಾಗಿಲು ಯಾರೂ ತೆರೆಯದಿರಲಿ ಎಂಬ ಮಾತು ನನ್ನದು. ಅವಳು ಅದನ್ನು ಮೂರು ಸಲ ಹೇಳಿ ಬಾಯಿಪಾಠ ಮಾಡಿಕೊಂಡಳು.

ನಿಮ್ಮ ಕಾಲದವರು ತಪ್ಪಿಲ್ಲದವರು ಎಂದು ನಾನು ಹೇಳುತ್ತಿಲ್ಲ. ಕಡಲು ತಾನಾಗಿ ಎದ್ದು ಬರಲಿಲ್ಲ, ಅದಕ್ಕೆ ಬೈಗುಳ ನಿಮಗೆ ಬರತಕ್ಕದ್ದೇ. ಆದರೆ ಕಡಲು ಬಂದ ಮೇಲೂ ಈ ಕಲ್ಲು ನಮ್ಮನ್ನು ಕಾಯುತ್ತಿತ್ತು. ಅದನ್ನು ಕಿತ್ತು ಮನೆಮನೆಗೆ ಹಂಚಿದವರು ನೀವಲ್ಲ. ಪ್ರೇಮಲತಳ ಸಾವು ನಿಮ್ಮ ಹೆಸರಿಗೆ ಸೇರಬಾರದು. ಈ ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಕಂಬಗಳ ಸಂದಿಯಲ್ಲಿ ಇಡುತ್ತೇನೆ. ಕಲ್ಲು ಮಾತನ್ನು ಮುಟ್ಟಿಸುವುದು ನಿಜವಾದರೆ ಕಾಗದವನ್ನೂ ಮುಟ್ಟಿಸಲಿ. ತಲುಪಿದರೆ ನನ್ನದೊಂದು ಬೇಡಿಕೆ. ನಾಳೆ ನಿಮ್ಮ ಹೆಸರು ಕೇಳಿಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಒಂದು ಕ್ಷಣ ತಾಳಿ.

ಇವತ್ತು ಮಧ್ಯಾಹ್ನ ಇಳಿತದ ಹೊತ್ತಿಗೆ ಒಬ್ಬಳೇ ದೋಣಿ ತೆಗೆದುಕೊಂಡು ಹೋಗಿದ್ದೆ. ಉಳಿ, ಸುತ್ತಿಗೆ ಜೊತೆಗಿದ್ದವು. ನಿಮ್ಮ ಹೆಸರಿನ ಕೆಳಗೆ ಒಂದು ಗೇಣು ಜಾಗವಿತ್ತು. ಅಲ್ಲಿ ನನ್ನ ಹೆಸರನ್ನು ನಿಮ್ಮದಕ್ಕಿಂತ ಆಳವಾಗಿ ಕೆತ್ತಿದೆ, ಅದರ ಕೆಳಗೆ 'ಬಾಗಿಲಿಗೆ ಅಡ್ಡ ಬಿದ್ದದ್ದು ನಾನು ಕೊಟ್ಟ ಕಲ್ಲು' ಎಂದೂ ಕೆತ್ತಿದೆ. ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿಲ್ಲ. ನಾಳೆ ಬೆಳಿಗ್ಗೆ ಗುಲಾಬಿಯನ್ನು ಅಲ್ಲಿಗೆ ಕರೆದೊಯ್ಯುವ ದೋಣಿಯೂ ನನ್ನದೇ. ಅವಳು ನಿಮ್ಮ ಹೆಸರಿನ ಎದುರು ನಿಂತು ತಲೆ ಎತ್ತುತ್ತಾಳೆ. ಅವಳಿಗೆ ಓದಲು ಚೆನ್ನಾಗಿ ಬರುತ್ತದೆ. ಚಿಕ್ಕವಳಿದ್ದಾಗ ಅದೇ ಬಂಡೆಯ ಮುಂದೆ ಕೂರಿಸಿ, ನಿಮ್ಮ ಹೆಸರಿನ ಮೇಲೆ ಬೆರಳಾಡಿಸಿ, ಅಕ್ಷರ ಕಲಿಸಿದವಳು ನಾನು.

ಇಂತು,
ವಾರಿಜ