ದಿನ ಬಿಟ್ಟು ದಿನ ಬರುವ ಮಕ್ಕಳು

ಬಿಳಿಗೌಡನಕೊಪ್ಪಲು, ಮಂಡ್ಯ ತಾಲ್ಲೂಕು
೪-೧೧-೧೯೪೧, ಮಂಗಳವಾರ

ಪ್ರೀತಿಯ ಯಶೋದೆಗೆ,

ನಾನು ಗಟ್ಟಿಯಾಗಿದ್ದೇನೆ. ನಿನ್ನ ಮೈ ಹೇಗಿದೆ? ಚಳಿಜ್ವರದಿಂದ ನಮ್ಮ ಚಲುವಿಯ ಹೊಟ್ಟೆಯಲ್ಲಿ ಊದಿದ್ದ ಜ್ವರಗಡ್ಡೆ ಇಳಿಯಿತೇ? ಮಳವಳ್ಳಿಯ ನೀರು ಅವಳಿಗೆ ಹಿಡಿಸಿದೆಯೆಂದು ನಿಮ್ಮಣ್ಣ ಹೇಳಿ ಕಳಿಸಿದ್ದರು. ಕೇಳಿ ಎದೆ ಹಗುರವಾಯಿತು. ಕ್ವಿನೈನು ಕಹಿಯೆಂದು ಉಗುಳಿದರೆ ಬೆಲ್ಲದ ಚೂರಿನಲ್ಲಿಟ್ಟು ನುಂಗಿಸು. ನಿನಗೂ ಹಾಗೆಯೇ ನುಂಗಿಸಬೇಕೆಂದು ನಿಮ್ಮತ್ತಿಗೆಗೆ ಹೇಳು, ಹಟದಲ್ಲಿ ನೀನೇನು ಮಗಳಿಗಿಂತ ಕಡಿಮೆಯಲ್ಲ.

ಇಲ್ಲಿಯ ಸುದ್ದಿಯೆಂದರೆ ಶಾಲೆಯದೇ. ನಾಲೆ ಬಂತು, ಗದ್ದೆಯಲ್ಲಿ ಕಬ್ಬು ನಿಂತಿತು, ಅದರ ಹಿಂದೆಯೇ ಸೊಳ್ಳೆಯೂ ಬಂತು. ಹೆಸರಿಗೆ ನನ್ನ ಶಾಲೆಯಲ್ಲಿ ಮೂವತ್ತು ಮಕ್ಕಳು. ಆದರೆ ಈ ಚಳಿಜ್ವರ ದಿನ ಬಿಟ್ಟು ದಿನ ಬರುವುದನ್ನು ನೀನೇ ಕಂಡಿದ್ದೀಯಲ್ಲ. ಇವತ್ತು ನಡುಗಿದವರು ನಾಳೆ ಬರುತ್ತಾರೆ, ನಾಳೆ ನಡುಗುವವರು ಇವತ್ತು ಬಂದಿರುತ್ತಾರೆ. ಎಲ್ಲರೂ ಒಟ್ಟಿಗೆ ಕೂತದ್ದನ್ನು ದಸರೆಯಿಂದೀಚೆಗೆ ನಾನು ನೋಡಿಲ್ಲ. ಹೋದ ಸಲ ಇನ್‌ಸ್ಪೆಕ್ಟರು ಬಂದಾಗ ಅರ್ಧ ಶಾಲೆಯನ್ನೇ ಎಣಿಸಿ ಹೋದರು. ಈ ಸರದಿಯ ವಿಷಯ ಹೇಳಿದರೆ, "ಜ್ವರಕ್ಕೂ ಟೈಂಟೇಬಲ್ ಹಾಕಿದ್ದೀರೇನ್ರೀ?" ಎಂದು ನಕ್ಕರು. ಬರುವ ಸೋಮವಾರ ಮತ್ತೆ ಬರುತ್ತಾರಂತೆ. ಇಪ್ಪತ್ತು ಮಕ್ಕಳಾದರೂ ಕಣ್ಣಿಗೆ ಕಾಣದಿದ್ದರೆ ಶಾಲೆಗೆ ಬೀಗ. ಆಮೇಲೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಪಕ್ಕದೂರಿನ ಶಾಲೆಗೆ ಈ ಮೈಯಲ್ಲಿ ನಾಲೆ ಏರಿಯ ಮೇಲೆ ನಡೆದಾರೇ?

ಮನೆಮನೆಗೂ ಹೋಗಿ ಬಂದೆ. ಪಟೇಲ ಬೋರಯ್ಯ ಜಗಲಿಯಿಂದ ಏಳಲೂ ಇಲ್ಲ. "ಮೇಷ್ಟ್ರ ಮಗಳೇ ಊರಲ್ಲಿಲ್ಲ. ನಮ್ಮೈಕ್ಳ ಯಾಕ್ ಕಳಸ್ಬೇಕು, ಯೋಳಿ?" ಎಂದ. ನಾನು ಮುಂದಿನ ಮನೆಗೆ ಹೊರಟೆ. ಅವತ್ತು ನೀನು "ನಿಮ್ ಇಸ್ಕೂಲು ನಿಮಗಿರ್ಲಿ, ನನ್ ಕೂಸು ನನಗ್ ಬೇಕು" ಎಂದು ಗಾಡಿ ಹತ್ತಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೂ ಕೇಳುತ್ತೇನೆ, ಬೈಯಬೇಡ. ಭಾನುವಾರದ ಬಸ್ಸಿಗೆ ಚಲುವಿಯನ್ನು ಕರೆದುಕೊಂಡು ಬಾ. ಒಂದೇ ಒಂದು ದಿನ. ಅವಳು ಮುಂದಿನ ಸಾಲಿನಲ್ಲಿ ಕೂತದ್ದನ್ನು ಕಂಡರೆ ಬೋರಯ್ಯನಂಥವರೂ ಮಕ್ಕಳನ್ನು ಕಳಿಸುತ್ತಾರೆ. ಮರುದಿನ ನಾನೇ ನಿಮ್ಮನ್ನು ತಿರುಗಿ ಬಿಟ್ಟು ಬರುತ್ತೇನೆ. ನನಗೆ ಬೇರೆ ದಾರಿ ತೋಚುತ್ತಿಲ್ಲ ಯಶೋದೆ.

ನಿಮ್ಮಣ್ಣನಿಗೆ ನಮಸ್ಕಾರ, ಚಲುವಿಯ ಕೆನ್ನೆಗೊಂದು ಮುತ್ತು. ನನ್ನಂಥವನನ್ನು ಕಟ್ಟಿಕೊಂಡ ನಿನಗೆ ದೇವರು ಇನ್ನಷ್ಟು ತಾಳ್ಮೆ ಕೊಡಲಿ.

ನಿನ್ನ
ದೊಡ್ಡಸಿದ್ದಯ್ಯ

ವಿ. ಸೂ.: ಬೆಟ್ಟಮ್ಮನ ಮಗಳು ಕೆಂಪಿಯನ್ನು ಬೆಳಿಗ್ಗೆ ನಾನೇ ಹೋಗಿ ಕರೆತಂದಿದ್ದೆ. ಅವಳಿಗೆ ಇವತ್ತು ಜ್ವರದ ದಿನವಲ್ಲ, ಚೆನ್ನಾಗಿಯೇ ಇದ್ದಳು. ಮಗ್ಗಿ ಹೇಳುತ್ತಿದ್ದವಳು ಸೆಟೆದುಕೊಂಡು ಬಿದ್ದಳು. ಕೂಗಿದರೆ ಕಣ್ಣು ಬಿಡುತ್ತಿಲ್ಲ. ಅಸದುಲ್ಲಾ ಸಾಬರ ಗಾಡಿಯಲ್ಲಿ ಮಂಡ್ಯದ ಆಸ್ಪತ್ರೆಗೆ ಹೊರಟಿದ್ದೇವೆ, ಈ ಕಾಗದವನ್ನೂ ಅಲ್ಲೇ ಅಂಚೆಗೆ ಹಾಕುತ್ತೇನೆ. ಬೇರೆ ಬರೆಯಲು ಹೊತ್ತಿಲ್ಲ. ಬೆಟ್ಟಮ್ಮ "ನೀವೇ ಎತ್ಕಳಿ ಮೇಷ್ಟ್ರೇ, ನಾನ್ ಗಾಡೀಲಿ ಹುಲ್ ಹಾಸ್ತೀನಿ" ಎಂದಳು, ಅಷ್ಟೇ. ಚಲುವಿಯನ್ನು ಕರೆತರಬೇಡ. ಸೋಮವಾರದೊಳಗೆ ನಾನೇ ಇನ್ನೊಂದು ಕಾಗದ ಬರೆದು ಕರೆದರೂ ಬರಬೇಡ.